ಚಿಕ್ಕಮ್ಮನ ಮಗನ ಕ್ಯಾಸೆಟ್ಟು

ನನ್ನ ಚಿಕ್ಕಮ್ಮನ ಮಗ ಹಾಡಿದ ಕ್ಯಾಸೆಟ್ಟು ಅಂಗಡಿಗೆ ಬಂದಾಗ ನನಗೆ ಮೂವತ್ತು ತುಂಬುವುದರಲ್ಲಿತ್ತು. ‘ಹಾಡಿದ’ ಎಂದು ಬರೆಯಲು ಈಗಲೂ ನನಗೆ ಮನಸ್ಸಿಲ್ಲ. ಅವನು ಮಾತಾಡಿದ, ಅಷ್ಟೆ. ಗಡಗಡನೆ, ಉಸಿರು ಬಿಡದೆ, ಹಿಂದಿಯಲ್ಲಿ. ಅದಕ್ಕೆ ರ‍್ಯಾಪ್ ಎನ್ನುತ್ತಾರೆಂದು ನಮ್ಮ ಮನೆಮಂದಿಗೆಲ್ಲ ಗೊತ್ತಾಗಿದ್ದೇ ಅವನಿಂದ. ಲಂಗ ತೊಡುವ ವಯಸ್ಸಿನಿಂದ ಸಂಗೀತ ಕಲಿತವಳು ನಾನು. ಕ್ಯಾಸೆಟ್ಟು ಬಂದದ್ದು ಅವನದು.

ನಾವಿದ್ದದ್ದು ದಹಿಸರ್‌ನಲ್ಲಿ, ಚಿಕ್ಕಮ್ಮನ ಮನೆ ಮಲಾಡ್‌ನಲ್ಲಿ. ಭಾನುವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಮಾಟುಂಗಕ್ಕೆ ಸಂಗೀತದ ಕ್ಲಾಸಿಗೆ ಹೋಗುತ್ತಿದ್ದೆ. ಅವನು ಚಿಕ್ಕವನಾಗಿದ್ದಾಗ ಚಿಕ್ಕಮ್ಮ ಅವನನ್ನೂ ನನ್ನ ಜೊತೆ ಕಳಿಸಿದಳು. ಒಂದು ತಿಂಗಳೂ ಆಗಿರಲಿಲ್ಲ, ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, “ಇವನಿಗೆ ಶ್ರುತಿ ನಿಲ್ಲೋದೇ ಇಲ್ಲಮ್ಮ. ಪಾಪ, ಯಾಕೆ ಆ ಮಗೂಗೆ ಹಿಂಸೆ? ಕ್ರಿಕೆಟ್ ಆಡ್ಕೊಂಡಿರ್ಲಿ ಬಿಡಿ,” ಎಂದರು. ಅದನ್ನು ನಾನು ಮನೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೆ. ಅವನೂ ನಕ್ಕಿದ್ದ.

ಇನ್ನು ನನ್ನ ಸಂಗೀತದ ಕಥೆ. ಎಂಬತ್ತರ ದಶಕವಿಡೀ ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ರಾಜ್ಯೋತ್ಸವವಿರಲಿ, ಯಾರದೋ ಷಷ್ಟ್ಯಬ್ದಿ ಇರಲಿ, ಪ್ರಾರ್ಥನೆ ನನ್ನದೇ. ಪ್ರಾರ್ಥನೆ ಹಾಡುವವರ ಪಾಡು ಹಾಡಿದವರಿಗೇ ಗೊತ್ತು. ಆ ಹೊತ್ತಿಗೆ ಅರ್ಧ ಜನ ಇನ್ನೂ ಚಪ್ಪಲಿ ಬಿಡುತ್ತಿರುತ್ತಾರೆ. ಹೆಂಗಸರು ಪಕ್ಕದ ಕುರ್ಚಿಗೆ ಕರವಸ್ತ್ರ ಹಾಕಿ ಜಾಗ ಹಿಡಿಯುತ್ತಿರುತ್ತಾರೆ. ಮೈಕಿನವನು ನಡುವೆ ಬಂದು ಕತ್ತು ತಿರುಗಿಸಿ ಹೋಗುತ್ತಾನೆ, ನನ್ನದಲ್ಲ, ಮೈಕಿನದು. ನಾನು ಕೊನೆಯ ಸಾಲಿಗೆ ಬರುವಾಗ ಸಭೆ ತುಂಬಿರುತ್ತದೆ, ಆಗ ನಾನು ಎದ್ದು ಕೆಳಗಿಳಿಯಬೇಕು. ನನಗಿದ್ದ ಆಸೆ ಒಂದೇ: ನನ್ನದೊಂದು ಕ್ಯಾಸೆಟ್ಟು. ದೇವರನಾಮಗಳದ್ದಾದರೂ ಸರಿ, ಭಾವಗೀತೆಗಳದ್ದಾದರೂ ಸರಿ. ಅದರ ಮೇಲಿನ ಫೋಟೋಕ್ಕೆ ಯಾವ ಸೀರೆ ಉಡಬೇಕೆಂದು ಕೂಡ ತೀರ್ಮಾನಿಸಿಟ್ಟಿದ್ದೆ. ಯಾರೂ ಕೇಳಲಿಲ್ಲ.

ಅವನನ್ನು ಕೇಳಿದರು. ಕಾಲೇಜಿನ ಯಾವುದೋ ಹಬ್ಬದಲ್ಲಿ ಅವನ ಗಡಗಡ ಕೇಳಿದ ಕ್ಯಾಸೆಟ್ ಕಂಪನಿಯವನೊಬ್ಬ, ಅದುವರೆಗೆ ಆರತಿ, ಗರ್ಬಾ ಕ್ಯಾಸೆಟ್ಟುಗಳನ್ನಷ್ಟೇ ಮಾಡುತ್ತಿದ್ದವನು, ಹೊಸದೇನಾದರೂ ಮಾಡೋಣವೆಂದು ಇವನನ್ನು ಹಿಡಿದ. ರೆಕಾರ್ಡಿಂಗಿನ ದಿನ ಚಿಕ್ಕಮ್ಮ ಒಬ್ಬಳೇ ಹೋಗಲು ಹೆದರಿ ನನ್ನನ್ನು ಕರೆದುಕೊಂಡು ಹೋದಳು. ನಾನು ಸ್ಟುಡಿಯೊ ನೋಡಿದ್ದು ಅದೇ ಮೊದಲು. ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ಒಳಗೆ ನಿಂತರೆ ನಮ್ಮ ಉಸಿರು ನಮಗೇ ಕೇಳುವಷ್ಟು ಮೌನ. ಇಂಥ ಜಾಗದಲ್ಲಿ ಒಂದು ಆಲಾಪ ಮಾಡಿದರೆ ಹೇಗಿರಬಹುದು ಎಂದುಕೊಂಡೆ. ಗಾಜಿನಾಚೆ ಅವನು ಹರಿದ ಜೀನ್ಸ್ ತೊಟ್ಟು, ಚೂಯಿಂಗ್ ಗಮ್ ಅಗಿಯುತ್ತ ಮೈಕಿನ ಮುಂದೆ ನಿಂತಿದ್ದ. ಅದನ್ನು ಉಗಿ ಎಂದು ಯಾರೂ ಹೇಳಲಿಲ್ಲ.

ಕ್ಯಾಸೆಟ್ಟು ಬಂತು. ಮೇಲೆ ಅವನ ಚಿತ್ರ: ಹಿಂದುಮುಂದಾಗಿ ಹಾಕಿದ ಟೋಪಿ, ಕತ್ತಿನಲ್ಲಿ ದಪ್ಪ ಸರ, ಕಣ್ಣಿಗೆ ಕಪ್ಪು ಕನ್ನಡಕ. ನನ್ನ ಅಮ್ಮ ಅದನ್ನು ದೂರ ಹಿಡಿದು ನೋಡಿ, “ಇವನಿಗೆ ಕಣ್ಣು ಬಂದಿತ್ತೇನೆ?” ಎಂದಳು. ಅಮ್ಮನ ಮೇಲೆ ಅಂದು ಬಂದಷ್ಟು ಪ್ರೀತಿ ನನಗೆ ಯಾವತ್ತೂ ಬಂದಿಲ್ಲ. ಇಂಗ್ಲಿಷಿನ ಸಂಜೆ ಪತ್ರಿಕೆಯೊಂದು ಈ ಹುಡುಗನಿಗೆ ಹಾಡಲು ಬರುವುದಿಲ್ಲ, ಬಸ್ ಕಂಡಕ್ಟರನ ಕೆಲಸವಾದರೆ ಒಪ್ಪುತ್ತದೆ ಎಂಬರ್ಥದಲ್ಲಿ ನಾಲ್ಕು ಸಾಲು ಬರೆಯಿತು. ಆಫೀಸಿನಿಂದ ಮರಳುವಾಗ ಲೇಡೀಸ್ ಡಬ್ಬಿಯಲ್ಲಿ ನೇತಾಡುತ್ತ ಅದನ್ನು ಮತ್ತೆ ಮತ್ತೆ ಓದಿಕೊಂಡೆ. ಆ ರಾತ್ರಿ ಊಟ ರುಚಿಸಿತು.

ಜನ ಪತ್ರಿಕೆ ಓದಿ ಹಾಡು ಕೇಳುವುದಿಲ್ಲವಲ್ಲ. ಮಲಾಡ್ ಸ್ಟೇಷನ್ನಿನ ಹೊರಗೆ ಪಾನ್ ಅಂಗಡಿಯಲ್ಲಿ ಅವನು, ರಿಕ್ಷಾದಲ್ಲಿ ಅವನು, ಗಣಪತಿ ಪೆಂಡಾಲಿನಲ್ಲಿ ಆರತಿ ಮುಗಿದ ಕೂಡಲೇ ಅವನು. ಎಲ್ಲಕ್ಕಿಂತ ಓಡಿದ್ದು ಕೊನೆಯ ಹಾಡು. ಅದರಲ್ಲಿ ನಡುವೆ ಕನ್ನಡ ಬರುತ್ತಿತ್ತು. ಚಿಕ್ಕಮ್ಮನ ಬಿಲ್ಡಿಂಗಿನಲ್ಲಿ ನಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಬೇಕು. ಆಗ ಚಿಕ್ಕಮ್ಮ ಅವನನ್ನು ಎಬ್ಬಿಸಲು ಕೂಗುತ್ತಿದ್ದುದನ್ನು ಅವನು ಹಾಗೆಯೇ ಎತ್ತಿಕೊಂಡಿದ್ದ: ಏಳೋ, ನೀರ್ ಬಂತು, ಬಕೆಟ್ ಇಡೋ, ನೀರ್ ಹೋಯ್ತು, ಏನ್ ಮಾಡ್ಲೋ. ಗುಜರಾತಿ ಹುಡುಗರು ಅರ್ಥ ಗೊತ್ತಿಲ್ಲದೆ ‘ಏಳೋ ಏಳೋ’ ಎಂದು ಕುಣಿದರು. ಚಿಕ್ಕಮ್ಮ, “ನನ್ನ ಬೈಗುಳಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತಿದ್ರೆ ಇನ್ನೂ ಬೈತಿದ್ದೆ,” ಎಂದು ಎಲ್ಲರೆದುರು ಬೀಗುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು. ಬೇರೆ ಮಾತಿನಲ್ಲಿ ಅದನ್ನು ಹೇಳಲಾರೆ.

ಕನ್ನಡವಿದೆ ಎಂದು ತಿಳಿದದ್ದೇ ತಡ, ನಮ್ಮ ಸಂಘ ಅವನಿಗೆ ಸನ್ಮಾನ ಇಟ್ಟುಕೊಂಡಿತು. ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, “ನಿಮ್ಮ ತಮ್ಮನ ಕಾರ್ಯಕ್ರಮ ತಾನೇ, ನಿಮ್ಮದೇ ಪ್ರಾರ್ಥನೆ ಇಟ್ಕೊಂಡಿದೀವಿ,” ಎಂದರು, ನನಗೇನೋ ಉಪಕಾರ ಮಾಡುವವರ ಹಾಗೆ. ಫೋಟೋಕ್ಕೆಂದು ಆರಿಸಿಟ್ಟಿದ್ದ ಸೀರೆಯನ್ನು ಉಡಲಿಲ್ಲ. ಬೇಕೆಂದೇ ಹಳೆಯದೊಂದನ್ನು ಸುತ್ತಿಕೊಂಡು ಹೋದೆ.

ವೇದಿಕೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಗಾಯಕನೆಂದರೆ ಗಾಯಕ ಎಂದು ನಂಬಿದ ಸಂಘದವರು ಜಮಖಾನ ಹಾಸಿ, ಹಾರ್ಮೋನಿಯಂ, ತಬಲ, ಶ್ರುತಿ ಪೆಟ್ಟಿಗೆ ಎಲ್ಲ ಸಾಲಾಗಿ ಇಟ್ಟಿದ್ದರು. ಅವನು ತನ್ನ ಮ್ಯೂಸಿಕ್ಕಿನ ಕ್ಯಾಸೆಟ್ಟು ಕೈಯಲ್ಲಿ ಹಿಡಿದು, “ಅಂಕಲ್, ಇದು ಟೇಪ್‌ನಲ್ಲಿ ಹಾಕಿ ನಾ, ಬಸ್, ನಾನು ಮೇಲೆ ಬೋಲ್ತೀನಿ,” ಎಂದ. ಕಾರ್ಯದರ್ಶಿಗಳ ಮುಖ ಗಂಟಾಯಿತು. “ನಮ್ಮ ವೇದಿಕೆ ಮೇಲೆ ಟೇಪ್ ಹಾಕಿ ಹಾಡೋ ಪದ್ಧತಿ ಇಲ್ಲಪ್ಪ. ಪಕ್ಕವಾದ್ಯ ಇದೆಯಲ್ಲ, ಆರಾಮಾಗಿ ಕೂತು ಹಾಡು.” ಅವನು ಬೂಟು ಬಿಚ್ಚಿಟ್ಟು ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ. ಹಾರ್ಮೋನಿಯಂನವರು ಶ್ರುತಿ ಯಾವುದೆಂದು ಕೇಳಿದರು. ಮರಾಠಿ ತಬಲದವರು, “ತಾಲ್ ಕುಠಲಾ?” ಎಂದು ತಾಳ ಕೇಳಿದರು. ಅವನು ಎರಡಕ್ಕೂ ತಲೆ ಅಲ್ಲಾಡಿಸಿದ.

ತಬಲದವರು ತಮಗೆ ತೋಚಿದ ಭಜನೆಯ ಠೇಕಾ ಹಿಡಿದರು. ಅವನು ಶುರು ಮಾಡಿದ, ತಪ್ಪಿದ. ಮತ್ತೆ ಶುರು ಮಾಡಿದ, ಮತ್ತೆ ತಪ್ಪಿದ. ಸಭೆಯಲ್ಲಿ ಮೊದಲು ಕೆಮ್ಮು ಎದ್ದಿತು, ಆಮೇಲೆ ನಗು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪ್ರಾರ್ಥನೆ ಮುಗಿಸಿ ವೇದಿಕೆಯ ಅಂಚಿನಲ್ಲೇ ಕುಳಿತಿದ್ದ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅವನು ನನ್ನ ಕಡೆ ತಿರುಗಿದ. “ಅಕ್ಕಾ, ಪ್ಲೀಸ್, ತಾಳ ಹಾಕು ನಾ. ಸಿರ್ಫ್ ನೀನು.”

ಇಡೀ ಸಭೆ ನನ್ನನ್ನು ನೋಡಿತು. ಸಭೆ ನನ್ನನ್ನು ನೋಡಿದ್ದೇ ಅದು ಮೊದಲು, ಹೇಗೆ ಇಲ್ಲವೆನ್ನಲಿ? ಮುಂದೆ ಸರಿದು ಕುಳಿತು ಆದಿತಾಳ ಹಾಕಿದೆ. ತಬಲದವರು ಕೈ ಕಟ್ಟಿಕೊಂಡರು. ನನ್ನ ಚಪ್ಪಾಳೆಯ ಮೇಲೆ ಅವನು ಬಂದು ಕುಳಿತ, ಕೀಲಿ ಬೀಗದೊಳಗೆ ಕುಳಿತ ಹಾಗೆ. ನೀರು ಬಂತು, ಬಕೆಟ್ಟು ಬಂತು. ಮುಂದಿನ ಸಾಲಿನ ಮುದುಕರು ತಲೆದೂಗತೊಡಗಿದರು. ಅದನ್ನು ಕಂಡಿದ್ದೇ ನನಗೆ ರೇಗಿತು. ವೇಗ ಹೆಚ್ಚಿಸಿದೆ. ಸ್ವಲ್ಪವಲ್ಲ, ಚೆನ್ನಾಗಿಯೇ ಹೆಚ್ಚಿಸಿದೆ. ಮುಗ್ಗರಿಸಲಿ ನೋಡೋಣ ಎಂದು. ಅವನು ಹಲ್ಲು ಬಿಟ್ಟು ನಕ್ಕ, ಜೊತೆಗೆ ಬಂದ. ಇನ್ನೂ ಹೆಚ್ಚಿಸಿದೆ. ಅವನ ಒಂದಕ್ಷರ ತೊದಲಲಿಲ್ಲ, ಒಂದಕ್ಷರ ನುಂಗಿಹೋಗಲಿಲ್ಲ. ಕೊಡ, ಡ್ರಮ್ಮು, ನಲ್ಲಿ, ಚಿಕ್ಕಮ್ಮನ ಕೂಗು, ಎಲ್ಲವೂ ಸರಿಯಾದ ಜಾಗಕ್ಕೆ ಬಂದು ಬೀಳುತ್ತಿದ್ದವು. ನನ್ನ ಅಂಗೈ ಉರಿಯತೊಡಗಿತು. ಬೆರಳೆಣಿಕೆ ಕಲಸಿಹೋಯಿತು. ಕೈ ನಿಂತಿತು.

ಅವನು ನಿಲ್ಲಲಿಲ್ಲ. ಎದ್ದು ನಿಂತು, ಬರಿಗಾಲನ್ನು ಹಲಗೆಗೆ ಬಡಿಯುತ್ತ ಅದೇ ವೇಗದಲ್ಲಿ ಹೋದ. ಸಭೆಯೇ ತಾಳ ಹಿಡಿಯಿತು. ನನ್ನ ಕೈ ನಿಂತದ್ದನ್ನು ಯಾರೂ ಗಮನಿಸಲಿಲ್ಲ.

ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಸಮಾಧಾನವಿತ್ತು: ಇವನಿಗೆ ಏನೂ ಬರುವುದಿಲ್ಲ, ಅದೃಷ್ಟ ಕುದುರಿದೆ, ಅಷ್ಟೆ. ಅದೂ ಹೋಯಿತು. ಅವನ ಲಯ ನನ್ನದಕ್ಕಿಂತ ಗಟ್ಟಿ ಎಂಬುದು ಆ ಸಭಾಂಗಣದಲ್ಲಿ ಸರಿಯಾಗಿ ಗೊತ್ತಾದದ್ದು ನನಗೊಬ್ಬಳಿಗೇ. ಉಳಿದವರಿಗೆ ಅದು ಬರೀ ಮಜಾ ಆಗಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕಾರ್ಯದರ್ಶಿಗಳು ನನ್ನ ಬಳಿ ಬಂದು, “ಪ್ರಾರ್ಥನೆ ಚೆನ್ನಾಗಿತ್ತಮ್ಮ,” ಎಂದರು.

ಮಾಟುಂಗ ರೋಡ್ ಸ್ಟೇಷನ್ನಿಗೆ ಮೂವರೂ ನಡೆದುಕೊಂಡು ಬಂದೆವು. ಪ್ಲಾಟ್‌ಫಾರ್ಮಿನಲ್ಲಿ ಚಿಕ್ಕಮ್ಮ ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಳು. ಅವನು ನನ್ನ ಪಕ್ಕಕ್ಕೆ ಬಂದು ನಿಂತ.

“ಅಕ್ಕಾ, ಕಂಪನಿಯವರು ದುಸ್ರಾ ಕ್ಯಾಸೆಟ್ ಮಾಡೋಣ ಅಂತಾರೆ. ಅದರಲ್ಲಿ ನೀನು ಹಾಡ್ತೀಯಾ? ನಡುವೆ ಪೂರಾ ಗಾನಾ, ನಿನ್ನ ಇಷ್ಟದ್ದು. ನಾನು ಮೊದಲೇ ಬೋಲ್ ದಿಯಾ, ಮೇರಿ ಅಕ್ಕ ಹಾಡಬೇಕು ಅಂತ.”

ಅವನ ಮುಖದಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಇದ್ದಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ. “ಆಫೀಸು, ಮನೆ ಕೆಲಸ, ಎಲ್ಲಿದೆಯೋ ನನಗೆ ಪುರುಸೊತ್ತು?” ಎಂದೆ. ಬೋರಿವಲಿ ಗಾಡಿ ಬಂತು. ಅವನು ಜನರಲ್ ಡಬ್ಬಿಯ ಕಡೆ ಓಡಿದ. ನಾನೂ ಚಿಕ್ಕಮ್ಮನೂ ಲೇಡೀಸ್ ಹತ್ತಿದೆವು. ಬಾಂದ್ರಾ ದಾಟುವವರೆಗೂ ಅವನು ಇನ್ನೊಂದು ಸಲ ಕೇಳಲಿ, ಮಲಾಡ್‌ನಲ್ಲಿ ಇಳಿಯುವಾಗಲಾದರೂ ಕಿಟಕಿಯ ಹತ್ತಿರ ಬಂದು ಕೇಳಲಿ ಎಂದು ಕಾಯುತ್ತ ಕುಳಿತಿದ್ದೆ. ಅವನು ಕಿಟಕಿಯ ಹತ್ತಿರ ಬಂದ. ನನಗೆ ಎರಡು ಸೇಬು ಕೊಟ್ಟು, ಟಾಟಾ ಮಾಡಿ ಹೋದ.

ಎರಡನೆಯ ಕ್ಯಾಸೆಟ್ಟಿನಲ್ಲಿ ಬೇರೆ ಯಾರೋ ಹುಡುಗಿ ಹಾಡಿದ್ದಾಳೆ. ಮೇಲಿನ ಷಡ್ಜಕ್ಕೆ ಹೋದಾಗ ಅವಳ ಶ್ರುತಿ ಕೊಂಚ ಇಳಿಯುತ್ತದೆ. ಆ ಹಾಡು ಬಂದಾಗಲೆಲ್ಲ ಆ ಜಾಗದಲ್ಲಿ ನಾನು ಸರಿಯಾದ ಸ್ವರ ಹಿಡಿದು ಜೊತೆಗೆ ಹಾಡುತ್ತೇನೆ, ಅಡುಗೆಮನೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು.