ಅರ್ಧ ಗಂಟೆಯ ಊಟ

ಸ್ಪೇನಿನ ಪಲೆನ್ಸಿಯಾದ ಕಂಬಳಿ ಕಾರ್ಖಾನೆಯನ್ನು ಅಮೆರಿಕದ ಕಂಪನಿಯೊಂದು ಕೊಂಡಾಗ ಲೆಕ್ಕದ ವಿಭಾಗದ ಸತೂರಿಯೊ ತಲೆಕೆಡಿಸಿಕೊಳ್ಳಲಿಲ್ಲ. ಕಂಬಳಿ ಯಾರದಾದರೇನು, ಹೊದ್ದವರಿಗೆ ಬೆಚ್ಚಗಿದ್ದರಾಯಿತು. ಆದರೆ ಚಿಕಾಗೊದಲ್ಲಿ ಓದಿ ಬಂದ ಹೊಸ ಮ್ಯಾನೇಜರ್ ಇನಿಗೊ ಮಧ್ಯಾಹ್ನದ ಬಿಡುವಿಗೇ ಕೈಹಾಕಿದ. ಹುಡುಗ ಬೇರೆಲ್ಲಿಯವನೂ ಅಲ್ಲ, ಅದೇ ಊರಿನ ಮಾಂಸದಂಗಡಿಯವನ ಮಗ. ಅದಕ್ಕೇ ಸತೂರಿಯೊನಿಗೆ ಇನ್ನಷ್ಟು ಮೈ ಉರಿಯಿತು.

ಮೀಸೆ ಚಿಗುರಿದಾಗಿನಿಂದ ಸತೂರಿಯೊ ಎರಡು ಗಂಟೆಗೆ ಮನೆಗೆ ಹೋಗಿ ಉಂಡವನು. ಉಣ್ಣುವುದು ನೆಪ. ತಟ್ಟೆ ಖಾಲಿಯಾದ ಮೇಲೆ ಏಳದೆ ಕೂತಿರುವುದು ನಿಜವಾದ ಕೆಲಸ. ಕಾಫಿ, ಹೆಬ್ಬೆರಳಿನಷ್ಟು ಸಾರಾಯಿ, ಮೇಜುಬಟ್ಟೆಯ ಮೇಲೆ ಉಳಿದ ಬ್ರೆಡ್ಡಿನ ಚೂರುಗಳು, ಆಮೇಲೆ ಲೋಕದ ವಿಚಾರಣೆ. ಮಂತ್ರಿ, ಪಾದ್ರಿ, ಭಾವಮೈದುನ, ಯಾರಿಗೂ ರಿಯಾಯಿತಿಯಿಲ್ಲ. ಬೆನಿಲ್ದೆಯ ಜೊತೆ ಅವನ ಮದುವೆ ಗೊತ್ತಾದದ್ದೂ ಹಾಗೆಯೇ, ಮಾವ ಎರಡನೆಯ ಗ್ಲಾಸು ಮುಗಿಸಿ ಮೂರನೆಯದಕ್ಕೆ ಕೈಚಾಚಿದ್ದಾಗ. ಇಷ್ಟಾದ ಮೇಲೆ ಒಂದು ಕೋಳಿನಿದ್ದೆ, ಮತ್ತೆ ಕಾರ್ಖಾನೆ, ರಾತ್ರಿ ಎಂಟಕ್ಕೆ ಮನೆ.

ಹೊಸ ನಿಯಮದ ಪ್ರಕಾರ ಊಟಕ್ಕೆ ಅರ್ಧ ಗಂಟೆ, ಅದೂ ಕೂತಲ್ಲೇ. ಸಂಜೆ ಐದಕ್ಕೆ ಬಿಡುಗಡೆ. ಉಳಿದವರೆಲ್ಲ ಕುಣಿದಾಡಿದರು. ಸತೂರಿಯೊ ಮಾತ್ರ ಸಮರ ಸಾರಿದ. ಮೊದಲ ದಿನವೇ ಬೆನಿಲ್ದೆಯನ್ನು ನಸುಕಿಗೆ ಎಬ್ಬಿಸಿ, ಕಡಲೆಕಾಳು, ಎಲೆಕೋಸು, ಹಂದಿಮಾಂಸ ಎಲ್ಲ ಮಾಡಿಸಿ, ಕ್ಯಾರಿಯರ್ ಹೊತ್ತುಕೊಂಡು ಹೋದ. ಎರಡು ಹೊಡೆಯುತ್ತಲೇ ಕಡತಗಳನ್ನು ನೆಲಕ್ಕಿಳಿಸಿ ಬಿಳಿ ಬಟ್ಟೆ ಹಾಸಿದ. ಮೊದಲು ಸಾರು, ಆಮೇಲೆ ಕಾಳು, ಆಮೇಲೆ ಮಾಂಸ, ಪಕ್ಕದಲ್ಲಿ ವೈನ್ ಬಾಟಲಿ. ಕಾಳಿಗೆ ಬರುವಷ್ಟರಲ್ಲೇ ಅರ್ಧ ಗಂಟೆ ಮುಗಿದಿತ್ತು.

"ದೊನ್ ಸತೂರಿಯೊ, ಇದೇನಿದು, ಮದುವೆಮನೆ ಥರ?" ಎಂದ ಇನಿಗೊ.

"ಊಟ. ಚಿಕಾಗೊದಲ್ಲಿ ನೋಡಿರಲ್ಲ ನೀನು."

"ಒಂದು ಸ್ಯಾಂಡ್‌ವಿಚ್ ತಂದ್ಕೊಳ್ಳಿ ಸಾಕು. ಕೆಲಸ ಮಾಡ್ತಾನೇ ತಿನ್ಬಹುದು."

"ಮೇಯ್ತಾ ಮೇಯ್ತಾ ಕೆಲಸ ಮಾಡೋದು ಎತ್ತು ಕಣಪ್ಪ. ನಿಮ್ಮಪ್ಪ ನಿಂಗೆ ಮಾಂಸ ತಿನ್ನಿಸಿ ಬೆಳೆಸಿದ್ದು ಇದಕ್ಕಾ?"

ಆಫೀಸು ಗೊಳ್ಳೆಂದಿತು. ಇನಿಗೊನ ಮುಖ ಹುಳ್ಳಗಾಯಿತು. ಆದರೂ ಬಾಟಲಿಯನ್ನು ತಾನೇ ಎತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದ. ಸತೂರಿಯೊನ ಪಾಲಿಗೆ ಅದು ಬರೀ ಬಾಟಲಿಯಲ್ಲ, ಸ್ಪೇನ್ ದೇಶವನ್ನೇ ಬೀರುವಿಗೆ ಹಾಕಿದಂತಾಯಿತು. ಆ ಕ್ಷಣವೇ ರಾಜೀನಾಮೆಯ ನಿರ್ಧಾರ ಮಾಡಿದ. ಬೆನಿಲ್ದೆಗಾಗಿ, ಅವಳ ಅಡುಗೆಯ ಮಾನಕ್ಕಾಗಿ, ದಿನಾ ಅವಳೊಂದಿಗೆ ಆಡುವ ನಾಲ್ಕು ಮಾತಿಗಾಗಿ.

ಐದೂವರೆಗೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ತೆಗೆದು ಒಳಗೆ ಹೋದರೆ ಒಲೆ ತಣ್ಣಗಿತ್ತು. ಅರಮನೆಯಿಂದ ಓಡಿಸಿದ ರಾಜನ ಹಾಗೆ ಅವನು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. ಸ್ವಲ್ಪ ಹೊತ್ತಿಗೆ ಬೆನಿಲ್ದೆ ಬಂದಳು. ತಲೆಗೂದಲು ಒದ್ದೆ, ಕೆನ್ನೆ ಕೆಂಪು, ಹೆಗಲಲ್ಲಿ ಟವೆಲ್ಲು.

"ಎಲ್ಲಿ ಹೋಗಿದ್ದೆ?"

"ಈಜೋಕೆ. ನಗರಸಭೆ ಕೊಳದಲ್ಲಿ ಹೆಂಗಸರಿಗೆ ಕಲಿಸ್ತಾರೆ, ಎರಡು ಗಂಟೆಗೆ. ಆಮೇಲೆ ಅಲ್ಲೇ ಹರಟೆ ಹೊಡೀತಾ ಕೂತು, ಇನ್ನೊಂದ್ಸಲ ನೀರಿಗಿಳಿದ್ವಿ."

"ಈ ವಯಸ್ಸಲ್ಲಿ?"

"ಚಿಕ್ಕ ವಯಸ್ಸಲ್ಲಿ ಕಲಿಯೋಣ ಅಂದ್ರೆ ಎರಡು ಗಂಟೆಗೆ ಊಟಕ್ಕೆ ನೀನು ಬರ್ತಿದ್ಯಲ್ಲ!"

ಅವನು ಎದೆಯುಬ್ಬಿಸಿ ರಾಜೀನಾಮೆಯ ಸುದ್ದಿ ಹೇಳಿದ. ಇನ್ನು ಮೂರು ಹೊತ್ತೂ ಮನೆಯಲ್ಲೇ ಇರುವೆನೆಂದ. ಬೆನಿಲ್ದೆ ಟವೆಲ್ಲನ್ನು ಮೇಜಿನ ಮೇಲೆ ಒಗೆದಳು.

"ನೀನು ರಾಜೀನಾಮೆ ಕೊಟ್ರೆ ನಾನೂ ಕೊಡ್ತೀನಿ, ಈ ಒಲೆಗೆ. ಆ ಅಮೆರಿಕದವರು ನೂರ್ಕಾಲ ಚೆನ್ನಾಗಿರಲಿ ಕಣೋ, ನಂಗೊಂದು ಮಧ್ಯಾಹ್ನ ಕೊಟ್ರು."

"ಹಾಗಾದ್ರೆ ಊಟ ಆದ್ಮೇಲೆ ನಾವಿಬ್ರೂ ಕೂತು ಮಾತಾಡ್ತಿದ್ದದ್ದು?"

"ನಾವಿಬ್ರಾ? ನೀನು ಮಾತಾಡ್ತಿದ್ದೆ. ನಾನು ಪಾತ್ರೆ ತೊಳೀತಿದ್ದೆ."

ಸತೂರಿಯೊ ಆ ಮಧ್ಯಾಹ್ನಗಳನ್ನು ನೆನಪು ಮಾಡಿಕೊಂಡ. ಎದುರಿನ ಕುರ್ಚಿಯಲ್ಲಿ ಅವಳು ಕೂತದ್ದು ಒಂದೂ ನೆನಪಿಗೆ ಬರಲಿಲ್ಲ, ನಲ್ಲಿಯ ಸದ್ದು ಮಾತ್ರ ಬಂತು. ಅವನಿಗೆ ನಾಚಿಕೆಯಾಯಿತು.

ಎದ್ದು ಬ್ರೆಡ್ಡು ಕೊಯ್ದ. ನಡುವೆ ಉಪ್ಪುಮಾಂಸದ ಹೋಳುಗಳನ್ನಿಟ್ಟು, ಮೇಲೆ ಟೊಮೇಟೊ ಉಜ್ಜಿ, ಅಡ್ಡಾದಿಡ್ಡಿ ಎರಡು ಸ್ಯಾಂಡ್‌ವಿಚ್ ಮಾಡಿದ. ಕ್ಯಾರಿಯರ್‌ನಲ್ಲಿದ್ದ ಬಿಳಿ ಬಟ್ಟೆ ತೆಗೆದು ಹಾಸಿದ. ಬೆನಿಲ್ದೆ ಎದುರಿಗೆ ಕೂತಳು. ತಿಂದು ಮುಗಿದದ್ದು ಐದೇ ನಿಮಿಷಕ್ಕೆ, ಅಮೆರಿಕದವರೂ ಮೆಚ್ಚುವ ಹಾಗೆ. ತಟ್ಟೆ ಎತ್ತಲು ಅವಳು ಏಳಹೊರಟಾಗ ಅವನೇ ತಡೆದ.

"ಕೂತ್ಕೊ. ತಟ್ಟೆ ಎಲ್ಲಿಗೂ ಓಡಿ ಹೋಗಲ್ಲ."

ಅವಳು ಕೂತಳು. ನೀರಿನಲ್ಲಿ ಮೊದಲ ಸಲ ಕಾಲು ನೆಲ ಬಿಟ್ಟದ್ದು, ಪಾದ್ರಿಯ ತಂಗಿ ಮೂಗಿಗೆ ನೀರು ಹೋಗಿ ದೇವರನ್ನೇ ಬೈದದ್ದು ಎಲ್ಲ ಹೇಳಿದಳು. ಅಲ್ಲಿಂದ ತನ್ನ ತಮ್ಮ, ಮಂತ್ರಿ, ಕೊನೆಗೆ ಎದುರಿಗೆ ಕೂತ ಗಂಡ, ಒಬ್ಬರನ್ನೂ ಬಿಡಲಿಲ್ಲ. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಅವಳಲ್ಲಿ ಇಷ್ಟು ಮಾತಿದೆಯೆಂದು ಸತೂರಿಯೊನಿಗೆ ಗೊತ್ತೇ ಇರಲಿಲ್ಲ. ಇನಿಗೊನನ್ನು ಬೈಯಬೇಕೆಂದು ಎರಡು ಸಲ ಬಾಯಿ ತೆರೆದ. ಅವಳು ಸರದಿ ಕೊಡಲಿಲ್ಲ.