ಹೊಳೆ ದಾಟುವ ಹುಡುಗಿಯರು

ಹೊಳೆಯ ಈಚೆ, ರಾಯಬಾಗದ ಕಡೆಯ ಹಳ್ಳಿ ನಮ್ಮದು. ನಾನೂ ತಂಗಿಯೂ, ಎಂದರೆ ನನ್ನ ಚಿಕ್ಕಪ್ಪ ಚಾಚಾನ ಮಗಳೂ, ದೋಣಿಯಲ್ಲಿ ಕೃಷ್ಣೆ ದಾಟಿ, ಸತ್ತಿಯಲ್ಲಿ ಬಸ್ಸು ಹಿಡಿದು ಅಥಣಿಯ ಕಾಲೇಜಿಗೆ ಹೋಗುತ್ತಿದ್ದೆವು. ನನ್ನದು ಬಿ.ಎ. ಕೊನೆಯ ವರ್ಷ, ಅವಳದು ಪಿಯುಸಿ ವಿಜ್ಞಾನ.

ಆ ಮಳೆಗಾಲದಲ್ಲಿ ಒಂದು ಸಂಜೆ ಮರಳಿ ಬರುವಾಗ, ಪ್ರವಾಹದಲ್ಲಿ ತೇಲಿ ಬಂದ ಮರದ ಬೊಡ್ಡೆಯೊಂದು ದೋಣಿಗೆ ಬಡಿಯಿತು. ದೋಣಿ ವಾಲಿತು. ಪಕ್ಕದಲ್ಲಿ ಕೂತಿದ್ದ ತಂಗಿ ಇರಲಿಲ್ಲ. ಅವಳ ಕಪ್ಪು ಬುರ್ಖಾ ನೀರಿನ ಮೇಲೆ ಒಮ್ಮೆ ಉಬ್ಬಿತು, ಮುಳುಗಿತು. ಅಂಬಿಗ ಹಾರಿ, ಮುಸುಕಿನಿಂದ ಜಾರಿದ್ದ ಅವಳ ಜಡೆ ಹಿಡಿದು ಎಳೆದ. ಈಗಲೂ ಬಟ್ಟೆ ನೆನೆಹಾಕುವಾಗ, ಗಾಳಿ ತುಂಬಿ ಬಕೆಟ್ಟಿನಲ್ಲಿ ಉಬ್ಬುವ ಕಪ್ಪು ಬಟ್ಟೆಯನ್ನು ಕೈಯಿಂದ ಒತ್ತಲು ನನಗಾಗುವುದಿಲ್ಲ.

ಅಬ್ಬಾ, ಚಾಚಾ ಇಬ್ಬರದೂ ಒಂದೇ ಮನೆ. ಚಾಚಾ ಮೊದಲು ಕೇಳಿದ್ದು, ಅಂಬಿಗ ಎಲ್ಲಿ ಹಿಡಿದ ಎಂದು. ಒದ್ದೆ ಬಟ್ಟೆಯಲ್ಲೇ ನಿಂತು, ತಲೆ ತಗ್ಗಿಸಿ, ಜಡೆ ಎಂದೆ. ಕ್ರೂರಿಯಲ್ಲ ಅವರು. ಜ್ವರ ಬಂದ ಮಗಳ ಹಣೆಗೆ ಒದ್ದೆ ಪಟ್ಟಿ ಹಾಕುತ್ತ ಕೂತವರೂ ಅವರೇ.

ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಬಂದ ಅಣ್ಣತಮ್ಮಂದಿರು ಎದುರುಬದುರು ಕೂತರು. ತಂದೆಯೋ ಅಣ್ಣನೋ ಜೊತೆಗಿಲ್ಲದೆ ಹೆಣ್ಣುಮಗಳು ದೂರ ಹೋಗಬಾರದು, ಫರ್ಜ್ ಎಂದರೆ ಕಡ್ಡಾಯವಾದದ್ದು ದೀನಿನ ಇಲ್ಮ್, ಧರ್ಮದ ವಿದ್ಯೆ, ಅದನ್ನು ಮನೆಯಲ್ಲೇ ಕಲಿಯಬಹುದು ಎಂದು ಚಾಚಾ. ಇಲ್ಮ್ ಗಂಡಿಗೂ ಹೆಣ್ಣಿಗೂ ಫರ್ಜ್, ನಮ್ಮ ಹುಡುಗಿಯರು ಡಾಕ್ಟರಾಗದಿದ್ದರೆ ನಮ್ಮ ಹೆಂಗಸರ ಹೆರಿಗೆ ಮಾಡಿಸುವವರು ಯಾರು ಎಂದು ಅಬ್ಬಾ. ಇಬ್ಬರೂ ಪ್ರವಾದಿಯವರ ಹದೀಸನ್ನೇ ಎತ್ತಿ ಹೇಳಿದರು.

ಚಾಚಾ ನನ್ನತ್ತ ತಿರುಗಿದರು.

"ನೀ ಕಣ್ಣಾರೆ ನೋಡಿದಾಕಿ. ಅಂವ ಹಾರದಿದ್ರ ಏನಾಗ್ತಿತ್ತು, ಹೇಳವಾ."

"ಮುಳುಗ್ತಿದ್ಲು ಚಾಚಾ."

ಬೇರೆ ನಿಜವಿರಲಿಲ್ಲ. ಅಬ್ಬಾ ನನ್ನ ಮೇಲಿಂದ ಕಣ್ಣು ತೆಗೆದರು.

ಗೋಡೆಗೆ ಒರಗಿದ್ದ ತಂಗಿ ಅಪ್ಪನಿಗೆ ಹೇಳಿದಳು: "ಅಣ್ಣಾರಿಗೆ ಕಲಿಸಿದಂಗ ನನಗೂ ಈಸಾಕ ಕಲಿಸಿದ್ರ ಮುಳುಗ್ತಿದ್ದಿಲ್ರಿ."

ಗಂಡುಮಕ್ಕಳ ಬೆನ್ನಿಗೆ ಸೋರೆಬುರುಡೆ ಕಟ್ಟಿ ಇದೇ ಹೊಳೆಗೆ ಇಳಿಸಿದವರು ಚಾಚಾ.

"ಹೆಣ್ಮಕ್ಕಳನ್ನ ಹೊಳ್ಯಾಗ ಹೆಂಗ ಇಳಸ್ಲಿ ಬೇ?" ಎಂದರು. ದನಿ ಒಡೆದಿತ್ತು.

ಅಬ್ಬಾ ವಾದ ಬಿಟ್ಟು ಎದ್ದರು. ನನಗೂ ಅವರು ಈಜು ಕಲಿಸಿರಲಿಲ್ಲ. ಅಲ್ಲಿಗೆ ತಂಗಿಯ ಕಾಲೇಜು ಮುಗಿಯಿತು.

ಸೋಮವಾರ ಅಬ್ಬಾನ ಅಪ್ಪಣೆ ಪಡೆದು ನಾನೊಬ್ಬಳೇ ಹೊಳೆದಂಡೆಗೆ ಹೋದೆ. ಅಂಬಿಗ ನನ್ನನ್ನು ದೋಣಿಯ ನಡುವೆ ಕೂರಿಸಿ, ತಂಗಿ ಎಲ್ಲಿ ಎಂದು ಕೇಳಿದ. ಇನ್ನು ಬರುವುದಿಲ್ಲ ಎಂದೆ.

ಸ್ವಲ್ಪ ದೂರ ಹುಟ್ಟು ಹಾಕಿ, ತಗ್ಗಿದ ದನಿಯಲ್ಲಿ ಕೇಳಿದ: "ನಾ ಮುಟ್ಟಿದ್ದಕ್ಕ ಏನ್ರಿ, ಅಕ್ಕಾರ?"

ಅಲ್ಲ ಎಂದೆ. ನನ್ನ ಮುಖ ಅವನಿಗೆ ಕಾಣದಿರಲೆಂದು ನೀರಿನ ಕಡೆ ತಿರುಗಿದೆ. ನೀರನ್ನೂ ನೋಡಲಾಗಲಿಲ್ಲ.