ಮಾವನವರ ಗ್ಯಾಸು

ಗೇಟಿನ ಹತ್ತಿರ ಸಿಲಿಂಡರು ಕುಕ್ಕಿದ ಸದ್ದು ಕೇಳಿದರೆ ಸಾಕು, ನನಗೆ ನಗು ಬರುತ್ತದೆ. ಅದರ ಹಿಂದೆಯೇ ಸ್ವಲ್ಪ ಸಿಟ್ಟೂ.

ನಮ್ಮ ಮಾವನವರ ವೈದ್ಯಶಾಸ್ತ್ರದಲ್ಲಿ ಇದ್ದದ್ದು ಒಂದೇ ಕಾಯಿಲೆ, ಗ್ಯಾಸು. ತಲೆನೋವೂ ಗ್ಯಾಸು, ಮಂಡಿನೋವೂ ಗ್ಯಾಸು. ಕೆಲವು ವರ್ಷಗಳ ಹಿಂದೆ, ಪುಲಿಕೇಶಿನಗರದ ಈ ಹಳೇ ಮನೆಯ ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತು ಏದುಸಿರು ಬಿಡತೊಡಗಿದಾಗಲೂ, "ನಿನ್ನೆ ತಿಂದ ಸಮೋಸ ಕಣಮ್ಮಾ, ಗ್ಯಾಸ್ ಆಗಿದೆ" ಎಂದರು. ಸಮೋಸದ ಮೇಲೆ ದೂರು ಹೇಳಿದ ಬಾಯಲ್ಲೇ ಸಿಗರೇಟು. ಔಷಧಿ, ಜೀರಾ ಸೋಡಾ. ನಮ್ಮ ಯಜಮಾನರು "ಅಪ್ಪಂಗೇ ಗೊತ್ತಿರುತ್ತಲ್ವಾ" ಎಂದು ಪೇಪರಿನ ಇನ್ನೊಂದು ಪುಟ ತಿರುವಿದರು. ಮಾವನವರ ತುಟಿ ನೀಲಿಗಟ್ಟಿದ್ದು ಕಂಡದ್ದು ನನಗೊಬ್ಬಳಿಗೇ. ಮನೆಯಲ್ಲಿ ಸುಮ್ಮನೆ ಕೂತಿರುವವಳಿಗೆ ಇಂಥ ಕೆಲಸಗಳೇ ಸಿಗುವುದು, ನೋಡಿ.

ಅವರನ್ನು ಆಸ್ಪತ್ರೆಗೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಡಾಕ್ಟರು ಬೆರಳಿಗೆ ಕ್ಲಿಪ್ ಸಿಕ್ಕಿಸಿ, ಎಕ್ಸ್‌ರೇ ನೋಡಿ, "ಶ್ವಾಸಕೋಶದಲ್ಲಿ ಗ್ಯಾಸ್ ಎಕ್ಸ್‌ಚೇಂಜ್ ಸರಿಯಾಗಿ ಆಗ್ತಿಲ್ಲ" ಎಂದರು.

ಮಾವ ಕೇಸು ಗೆದ್ದವರ ಮುಖ ಮಾಡಿ ನನ್ನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಗ್ಯಾಸೇ!"

ಆಟೋ ಹತ್ತುವಾಗಲೇ ಜೇಬಿನಲ್ಲಿ ಸಿಗರೇಟು ತಡಕಿದರು.

ಕಾನ್ವೆಂಟಿನಲ್ಲಿ ನಾನೂ ಈ ಪಾಠ ಓದಿದವಳೇ. ಗಾಳಿಚೀಲಗಳನ್ನು ದ್ರಾಕ್ಷಿ ಗೊಂಚಲಿನಂತೆ ಬರೆದು, ನೇರಳೆ ಬಣ್ಣ ತುಂಬಿ, ಸಿಸ್ಟರ್ ಬಾಯಲ್ಲಿ 'ವೆರಿ ನೀಟ್' ಅನ್ನಿಸಿಕೊಂಡಿದ್ದೆ. ಅರ್ಥ ಮಾತ್ರ ಆಗಿರಲಿಲ್ಲ. ಆದದ್ದು ಅವತ್ತು, ಅಡುಗೆಮನೆಯಲ್ಲಿ.

"ಮಾವ, ಗ್ಯಾಸಿನವರು ಬಂದಾಗ ಏನ್ ಮಾಡ್ತೀವಿ? ಖಾಲಿ ಕೊಟ್ಟು ತುಂಬಿದ್ದು ಇಸ್ಕೋತೀವಿ. ರಕ್ತಾನೂ ಅಷ್ಟೇ. ಮೈಯೆಲ್ಲಾ ಸುತ್ತಿ ಕೆಟ್ಟ ಗಾಳಿ ಹೊತ್ಕೊಂಡ್ ಬಂದು ಶ್ವಾಸಕೋಶದ ಬಾಗಿಲಲ್ಲಿ ಇಳಿಸುತ್ತೆ, ಆಮ್ಲಜನಕ ಎತ್ಕೊಂಡ್ ಹೋಗುತ್ತೆ. ಮಧ್ಯೆ ಇರೋದು ಈರುಳ್ಳಿ ಪೊರೆಗಿಂತ ತೆಳ್ಳಗಿನ ಗೋಡೆ. ಯಾರೂ ತಳ್ಳಬೇಕಿಲ್ಲ, ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ತಾನೇ ದಾಟುತ್ತೆ. ನಿಮ್ಮ ಹೊಗೆ ಆ ಗೋಡೆಗಳನ್ನೇ ಒಡೆದ್ಹಾಕಿದೆ. ಬಾಗಿಲು ಕಮ್ಮಿಯಾಗಿ ಎಷ್ಟೋ ರಕ್ತ ಖಾಲಿ ಸಿಲಿಂಡರ್ ಹೊತ್ಕೊಂಡೇ ವಾಪಸ್ ಹೋಗ್ತಿದೆ."

ಮಾವ ಒಲೆಯ ಪಕ್ಕದ ಸಿಲಿಂಡರನ್ನು ಬೆರಳಿನಿಂದ ತಟ್ಟಿ ನೋಡಿದರು. "ಹಂಗಾದ್ರೆ, ಬುಕ್ ಮಾಡೋದು ಲೇಟಾಯ್ತು ಅನ್ನು."

ಸಿಗರೇಟು ಪ್ಯಾಕು ಕಸದ ಡಬ್ಬಿಗೆ ಬಿತ್ತು. ಒಡೆದ ಗೋಡೆಗಳು ಒಡೆದೇ ಉಳಿದವು. ನನ್ನ ಸಿಲಿಂಡರ್ ಪಾಠವನ್ನು ಯಜಮಾನರು ಈಗ ನೆಂಟರಿಗೆಲ್ಲ ತಾವೇ ಕಂಡುಹಿಡಿದವರಂತೆ ಹೇಳುತ್ತಾರೆ.

ಇವತ್ತೂ ಸಿಲಿಂಡರು ಬಂತು. ಅಡುಗೆಯದು ಕೆಂಪು, ಮಾವನವರ ಉಸಿರಿನದು ಕಪ್ಪು. ಕುಕ್ಕುವ ಸದ್ದು ಮಾತ್ರ ಒಂದೇ. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡೇ ಒಳಗಿನಿಂದ ಕೂಗಿದರು: "ಯಾವ್ದಮ್ಮಾ ಬಂದಿದ್ದು? ನಿನ್ ಗ್ಯಾಸಾ, ನನ್ ಗ್ಯಾಸಾ?"

"ನಿಮ್ದೇ, ಮಾವ" ಎಂದು ಖಾಲಿಯಾದದ್ದನ್ನು ಬಾಗಿಲಿಗೆ ಉರುಳಿಸಿದೆ.